ಸ್ಪಿಟ್‌ಫೈರಿಗೆ ಹೊಸ ಕಮಾನು

ಇಂಗ್ಲೆಂಡಿನ ಹಳೆ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರಿನ ಆರೋಗ್ಯ ನೋಡಬೇಕು ಅಂದರೆ ಅದರ ಹಿಂದೆ ಹತ್ತು ಹೆಜ್ಜೆ ದೂರ ನಿಂತು ಹಿಂದಿನ ಚಕ್ರಗಳನ್ನು ನೋಡಬೇಕು. ಅವು ನೆಟ್ಟಗೆ ನಿಂತಿರಬೇಕು. ಇಲ್ಲವೇ ಮೇಲ್ಭಾಗ ಒಂಚೂರು ಒಳಗೆ ವಾಲಿರಬೇಕು. ನನ್ನ ಗಾಡಿಯಲ್ಲಿ ಉಲ್ಟಾ ಇತ್ತು. ಮೇಲ್ಭಾಗ ಹೊರಗೆ, ನೆಲ ಮುಟ್ಟುವ ಭಾಗ ಒಳಗೆ. ಜೊತೆಗೆ ಹಿಂಭಾಗವೆಲ್ಲ ಎತ್ತರಕ್ಕೆ ಎದ್ದು ನಿಂತಿತ್ತು.

ಇದು 1968ರ ಮಾರ್ಕ್ 3, ಅಂದರೆ ಸ್ಪಿಟ್‌ಫೈರಿನ ಮೂರನೇ ಆವೃತ್ತಿ. ಎರಡೇ ಸೀಟು, 1296 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್, 700 ಕಿಲೋ ಆಸುಪಾಸಿನ ಹಗುರ ಗಾಡಿ. ನನ್ನ ಸೋದರಮಾವ ಮುಂಬೈ ಬಿಟ್ಟು ಬೆಳಗಾವಿಗೆ ಬಂದಾಗ ಜೊತೆಗೆ ತಂದದ್ದು, ಆಮೇಲೆ ನನಗೆ ಬಂತು. ನಮ್ಮ ರಸ್ತೆಗಳಿಗೆ ಇದು ತೀರಾ ತಗ್ಗು ಅಂತ ಯಾವುದೋ ಗ್ಯಾರೇಜಿನವರು ಹಿಂದಿನ ಕಮಾನಿಗೆ, ಅಂದರೆ ಉಕ್ಕಿನ ಪಾಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗಿಗೆ, ಒಂದು ಪಾಟಿ ಜಾಸ್ತಿ ಹಾಕಿಕೊಟ್ಟಿದ್ದರು. ಲಾರಿಗೆ, ಟೆಂಪೋಗೆ ಎಲ್ಲರೂ ಹಾಗೇ ಮಾಡಿಸುತ್ತಾರೆ. ಅಲ್ಲಿ ಅದು ಸರಿ. ಸ್ಪಿಟ್‌ಫೈರಿಗೆ ಮಾತ್ರ ಅದು ವಿಷ.

ಅದು ಎಂಥ ವಿಷ ಅಂತ ನನಗೆ ತಿಳಿದದ್ದು ಬೆಳಗಾವಿ ಹತ್ತಿರದ ಜಾಂಬೋಟಿ ದಾಟಿದ ಮೇಲೆ. ಕಣಕುಂಬಿ ಕಡೆ ಹೋಗುವ ರಸ್ತೆಯಲ್ಲಿ ಕಾಡಿನ ನಡುವೆ ಚಂದದ ತಿರುವುಗಳಿವೆ. ಎಡಕ್ಕೆ ಹೊರಳುವ ಒಂದು ತಿರುವಿನ ನಡುಮಧ್ಯೆ ಎದುರಿಗೆ ಎಮ್ಮೆ ಕಂಡಿತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಯಾರಾದರೂ ತೆಗೆಯುವುದೇ ಅಲ್ವಾ. ಅಷ್ಟಕ್ಕೇ ಹಿಂಭಾಗ ಮೇಲೆದ್ದು ಬಲಕ್ಕೆ ಜಾರಿತು. ಸ್ಟೀರಿಂಗ್ ತಿರುಗಿಸಿ ಹೇಗೋ ಹಿಡಿದೆ. ಎಮ್ಮೆಗೂ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ಆದರೆ ಸ್ಪೀಡು ಜಾಸ್ತಿ ಇರಲೇ ಇಲ್ಲ. ಅದೇ ನನ್ನನ್ನು ಕಾಡಿತು.

ಇದರ ಕಾರಣ ಗಾಡಿಯ ಹುಟ್ಟಿನಲ್ಲೇ ಇದೆ. ಸ್ಪಿಟ್‌ಫೈರ್ 1962ರಲ್ಲಿ ಬಂದಾಗ ಅದರ ಅಡಿಪಾಯ ಟ್ರಯಂಫ್ ಹೆರಾಲ್ಡ್ ಕಾರಿನದ್ದು. ಎರಡರ ರೂಪ ಬಿಡಿಸಿದವರೂ ಒಬ್ಬರೇ, ಇಟಲಿಯ ಜೊವಾನಿ ಮಿಕೆಲೊಟ್ಟಿ. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯಲು ಮೇಲೊಂದು, ಕೆಳಗೊಂದು ತೋಳು), ಸುರುಳಿಯ ಕಾಯಿಲ್ ಸ್ಪ್ರಿಂಗ್. ಆ ಕಾಲಕ್ಕೆ ಒಳ್ಳೆಯ ಏರ್ಪಾಟು. ಹಿಂದೆ ಮಾತ್ರ ಸ್ವಿಂಗ್ ಆಕ್ಸಲ್. ಒಂದೇ ಅಡ್ಡ ಕಮಾನು ಎರಡೂ ಚಕ್ರ ಹೊರುತ್ತದೆ. ಎರಡೂ ಬದಿಯ ಆಕ್ಸಲ್ ಶಾಫ್ಟಿಗೆ ಜಾಯಿಂಟ್ ಇರುವುದು ನಡುವಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಡಬ್ಬಿ) ಪಕ್ಕದಲ್ಲಿ ಒಂದೇ. ಹಾಗಾಗಿ ಶಾಫ್ಟು, ಚಕ್ರ ಎರಡೂ ಸೇರಿ ಕೀಲಿನ ಮೇಲೆ ಕೂರಿಸಿದ ಬಾಗಿಲಿನ ಹಾಗೆ ಮೇಲೆ ಕೆಳಗೆ ಆಡುತ್ತವೆ. ಹಿಂಭಾಗ ಎತ್ತರವಾದಷ್ಟೂ ಚಕ್ರದ ಕೆಳಭಾಗ ಒಳಗೆ ಸೇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರವನ್ನು ರಸ್ತೆ ಅಡ್ಡಡ್ಡ ತಳ್ಳುತ್ತಿರುತ್ತದೆ. ಆಗ ಕಾಲು ತೆಗೆದರೆ ತೂಕ ಮುಂದಕ್ಕೆ ಹೋಗಿ ಹಿಂಭಾಗ ಇನ್ನೂ ಏಳುತ್ತದೆ. ಚಕ್ರ ಇನ್ನಷ್ಟು ಒಳಗೆ ಮಡಚುತ್ತದೆ. ಟೈರು ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಹೋಗುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ಲಿಗೂ ಇದೇ ರೋಗ ಇತ್ತು. 1954ರ ಮರ್ಸಿಡಿಸ್ 300 ಎಸ್‌ಎಲ್‌ನಂಥ ದುಬಾರಿ ಗಾಡಿಗೂ ಇತ್ತು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ಕಟ್ಟುತ್ತಿತ್ತು. 1972ರಲ್ಲಿ ಗೆಜೆಲ್ ಅನ್ನುವ ಕಾರು ತಂದಾಗ ಹಿಂದಿನ ಸ್ವಿಂಗ್ ಆಕ್ಸಲ್ ತೆಗೆದು ಎರಡೂ ಚಕ್ರ ಒಂದಾಗಿ ಹಿಡಿಯುವ ಗಟ್ಟಿ ಆಕ್ಸಲ್ಲನ್ನೇ ಕೂರಿಸಿದರು. ಹೆರಾಲ್ಡ್ ಬಿಚ್ಚಿ ಕಟ್ಟಿದ ಕೈಗಳು ಈಗ ಕಡಿಮೆ. ನಮ್ಮ ಪುಣ್ಯಕ್ಕೆ ಬೆಳಗಾವಿಯಲ್ಲಿ ಅಂಥ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ನಾನು ಅವರನ್ನು ಕಾಕಾ ಅನ್ನುತ್ತೇನೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಗಾಡಿಯನ್ನು ಅಲ್ಲಿ ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಅವರನ್ನು ಕರೆತಂದೆ.

ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಇಂಗ್ಲೆಂಡಿನಿಂದ ಸ್ವಿಂಗ್ ಸ್ಪ್ರಿಂಗ್ ಅನ್ನುವ ಬೇರೆ ಕಮಾನು ತರಿಸುತ್ತೇನೆ, ಮುಂದಕ್ಕೆ ದಪ್ಪ ಆಂಟಿ ರೋಲ್ ಬಾರ್ (ಗಾಡಿ ಬದಿಗೆ ವಾಲುವುದನ್ನು ತಡೆಯುವ ಉಕ್ಕಿನ ಸರಳು) ಹಾಕುತ್ತೇನೆ ಅಂತ. ಬೇರೆಯವರೆಲ್ಲ ನನಗೆ ಹೇಳಿದ್ದು ಒಂದೇ ಮಾತು: ಸ್ಪೋರ್ಟ್ಸ್ ಕಾರಿಗೆ ಎಲ್ಲ ಕಡೆ ಗಟ್ಟಿ ಸ್ಪ್ರಿಂಗ್ ಬೇಕು. ಕಾಕಾ ಮಾತ್ರ ಹಿಂದಿನ ಚಕ್ರ ನೋಡಿ ತಲೆ ಅಲ್ಲಾಡಿಸಿದರು. "ಗಟ್ಟಿ ಮಾಡೂದು ಬ್ಯಾಡ ತಮ್ಮಾ. ಗಟ್ಟಿ ಆಗೇ ಹಿಂಗ ಆಗೇತಿ."

ಸ್ವಿಂಗ್ ಸ್ಪ್ರಿಂಗ್ ಟ್ರಯಂಫ್ ಕಂಪನಿಯದ್ದೇ ಪರಿಹಾರ. 1970ರ ಕೊನೆಗೆ ಬಂದ ಮಾರ್ಕ್ 4ರಲ್ಲಿ ಹಾಕಿದರು. ಹಳೆ ಕಮಾನಿನಲ್ಲಿ ಎಲ್ಲ ಪಾಟಿಗಳೂ ಡಿಫರೆನ್ಷಿಯಲ್ ಮೇಲೆ ಬಿಗಿಯಾಗಿ ಕೂತಿರುತ್ತವೆ. ಹೊಸದರಲ್ಲಿ ಒಂದೇ ಒಂದು ಪಾಟಿ ಹಾಗೆ ಬಿಗಿ. ಉಳಿದವು ನಡುವಿನ ಪಿವಟ್ ಮೇಲೆ ಆ ಕಡೆ ಈ ಕಡೆ ತೂಗುತ್ತವೆ. ಗುಂಡಿಗೆ ಎರಡೂ ಚಕ್ರ ಇಳಿದರೆ ಎಲ್ಲ ಪಾಟಿಯೂ ಭಾರ ಹೊರುತ್ತದೆ. ಬಾಡಿ ಒಂದು ಬದಿಗೆ ವಾಲಿದಾಗ ಮಾತ್ರ ಹೆಚ್ಚಿನ ಪಾಟಿಗಳು ಸುಮ್ನೆ ಜೊತೆಗೆ ತೂಗುತ್ತವೆ, ತಡೆಯುವುದಿಲ್ಲ. ಹಾಗಾಗಿ ಹೊರಗಿನ ಹಿಂದಿನ ಚಕ್ರದ ಮೇಲೆ ಬೀಳುವ ಹೊರೆ ಕಡಿಮೆಯಾಗುತ್ತದೆ, ಹಿಂಭಾಗ ಏಳುವುದೂ ಕಡಿಮೆಯಾಗುತ್ತದೆ. ಆದರೆ ವಾಲುವುದನ್ನು ಯಾರಾದರೂ ತಡೆಯಲೇಬೇಕು. ಆ ಕೆಲಸ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಅದಕ್ಕೇ ದಪ್ಪ ಬಾರು. ಎರಡನ್ನೂ ಒಟ್ಟಿಗೇ ಹಾಕಬೇಕು. ಬರೀ ಕಮಾನು ಬದಲಿಸಿದರೆ ಗಾಡಿ ವಿಪರೀತ ವಾಲುತ್ತದೆ. ಬರೀ ಬಾರು ಹಾಕಿದರೆ ಹಿಂದಿನ ರೋಗ ಹಾಗೇ ಉಳಿಯುತ್ತದೆ.

ಬೇರೆ ದಾರಿಯೂ ಇತ್ತು. ಸ್ಪಿಟ್‌ಫೈರಿನ ದೊಡ್ಡ ಎಂಜಿನ್ನಿನ ಅಣ್ಣ ಜಿಟಿ6 ಕಾರಿಗೆ 1968ರಲ್ಲಿ ಹಿಂದೆ ಕೆಳಗೊಂದು ವಿಶ್‌ಬೋನ್ ಸೇರಿಸಿ, ಶಾಫ್ಟಿಗೆ ರಬ್ಬರ್ ಕಪ್ಲಿಂಗ್ ಹಾಕಿದ್ದರು. ಅದು ಇನ್ನೂ ಒಳ್ಳೆಯದು ಅನ್ನುವವರಿದ್ದಾರೆ. ಆದರೆ ಆ ರಬ್ಬರು ಸವೆಯುತ್ತದೆ, ಮತ್ತೆ ಮತ್ತೆ ಹೊರದೇಶದಿಂದ ತರಿಸಬೇಕು. ಬೆಳಗಾವಿಯಲ್ಲಿ ಓಡಿಸುವ ಗಾಡಿಗೆ ಕಬ್ಬಿಣದ ಕಮಾನೇ ಸೈ ಅಂತ ನನ್ನ ಲೆಕ್ಕ.

ಪಾರ್ಸಲ್ ಬಂದ ಮೇಲೆ ಒಂದು ರಜೆಯ ದಿನ ಬೆಳಿಗ್ಗೆಯೇ ಶುರು ಮಾಡಿದೆವು. ಈ ಗಾಡಿಯ ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ತೆರೆದುಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆಯೇ ಕೂತು ಕೆಲಸ ಮಾಡಬಹುದು. ಇಷ್ಟು ಚಂದ ಕೈ ಆಡುವ ಕಾರು ನಾನು ಬೇರೆ ನೋಡಿಲ್ಲ.

ಕಾಕಾ ಮೊದಲು ಕೈ ಹಾಕಿದ್ದು ಕಮಾನಿಗಲ್ಲ, ಮುಂದಿನ ಟ್ರನಿಯನ್‌ಗೆ. ಮುಂದಿನ ಚಕ್ರ ಹೊತ್ತ ವರ್ಟಿಕಲ್ ಲಿಂಕಿನ ಕೆಳತುದಿಯಲ್ಲಿ ಥ್ರೆಡ್ ಇರುತ್ತದೆ. ಅದು ಕಂಚಿನ ಟ್ರನಿಯನ್ ಒಳಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ತಿರುಗುವುದು ಆ ಥ್ರೆಡ್ಡಿನ ಮೇಲೆಯೇ. ಬಿಚ್ಚಿದರೆ ಒಳಗೆ ಒಣಗಿ ಗಟ್ಟಿಯಾದ ಗ್ರೀಸು. "ಇದಕ್ಕ ಗ್ರೀಸ್ ಹೊಡದಾರ ನೋಡು. ಇದು ಆಯಿಲ್ ಕುಡಿಯೂದೈತಿ," ಅಂದರು. ಕಂಪನಿಯ ಕೈಪಿಡಿಯೂ ಹೇಳುವುದು ಅದನ್ನೇ. ಗೇರಿಗೆ ಹಾಕುವ 90 ನಂಬರಿನ ಎಣ್ಣೆ ಹಾಕಬೇಕು. ಗ್ರೀಸು ಥ್ರೆಡ್ಡಿನ ಸಂದಿಯ ತನಕ ಇಳಿಯುವುದಿಲ್ಲ. ನೀರು ಸೇರುತ್ತದೆ, ತುಕ್ಕು ಹಿಡಿಯುತ್ತದೆ, ಒಂದು ದಿನ ಲಿಂಕ್ ಮುರಿದು ಚಕ್ರ ಮಲಗುತ್ತದೆ.

ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದೆವು. ಎಡಗಡೆಯ ಲಿಂಕಿನ ಥ್ರೆಡ್ ಶುರುವಾಗುವ ಜಾಗದಲ್ಲೇ ತುಕ್ಕು ತಿಂದ ಗುಳಿಗಳಿದ್ದವು. ಟ್ರನಿಯನ್ ಲೇತಿನಲ್ಲಿ ಮಾಡಬಹುದು. ಆದರೆ ಜೀವ ಹೊರುವ ಲಿಂಕನ್ನು ಅಂದಾಜಿನ ಉಕ್ಕಿನಲ್ಲಿ ಮಾಡುವುದು ನನಗೆ ಒಪ್ಪಲಿಲ್ಲ. ಕೆಲಸ ಅಲ್ಲಿಗೇ ನಿಲ್ಲಿಸಿ ಎರಡೂ ಬದಿಗೆ ಹೊಸ ಲಿಂಕು, ಹೊಸ ಟ್ರನಿಯನ್ ತರಿಸಿದೆ. ಎರಡು ಬದಿಯ ಥ್ರೆಡ್ ಬೇರೆ ಬೇರೆ, ಒಂದು ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಇನ್ನೊಂದು ಎಡಕ್ಕೆ. ಸಸ್ಪೆನ್ಷನ್ ಸುಧಾರಿಸುತ್ತೇನೆ ಅನ್ನುವವರು ಹೊಸ ಸ್ಪ್ರಿಂಗಿಗೆ ದುಡ್ಡು ಕೊಡುವ ಮೊದಲು ಇದನ್ನು ಬಿಚ್ಚಿ ನೋಡಲೇಬೇಕು. ಇದಕ್ಕೆ ನಾನು ಎಷ್ಟು ಒತ್ತು ಕೊಟ್ಟರೂ ಕಡಿಮೆಯೇ.

ಕಮಾನಿನ ಕೆಲಸ ಹೋಲಿಸಿದರೆ ಸಲೀಸು. ಸೀಟಿನ ಹಿಂದಿನ ತಗಡಿನ ಮುಚ್ಚಳ ತೆಗೆದರೆ ಡಿಫರೆನ್ಷಿಯಲ್ ಮೇಲಿನ ನಟ್ಟುಗಳು ಸಿಗುತ್ತವೆ. ಹಳೆ ಕಮಾನು ಹೊರಗೆ ಬಂದಾಗ ಅದರ ಬಾಗು ನೋಡಿಯೇ ಗೊತ್ತಾಯಿತು, ಗಾಡಿ ಯಾಕೆ ಹಾಗೆ ನಿಂತಿತ್ತು ಅಂತ. ವಿಶ್‌ಬೋನಿನ ಕೀಲುಗಳಲ್ಲಿ ಕೂರುವ ಮೆತ್ತೆಗಳನ್ನು, ಅಂದರೆ ಬುಷ್‌ಗಳನ್ನು, ಪಾಲಿಯೂರಿಥೇನ್‌ಗೆ ಬದಲಿಸಿದೆ, ಒಳಗಿನ ಉಕ್ಕಿನ ಸ್ಲೀವ್‌ಗಳನ್ನು ನಾನೇ ಲೇತಿನಲ್ಲಿ ತಿರುವಿದೆ. ರಬ್ಬರ್ ಬುಷ್ ಉಳಿಸಿಕೊಂಡ ಕಡೆ ಬೋಲ್ಟನ್ನು ಕೊನೆಗೆ, ಗಾಡಿ ತನ್ನ ತೂಕದ ಮೇಲೆ ನಿಂತಾಗಲೇ ಬಿಗಿ ಮಾಡಿದೆವು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಹದ ಬದಲಿಸಬಹುದಾದದ್ದು. ಮೆತ್ತನೆಯ ಕಡೆಗೇ ಇಟ್ಟೆ.

ಅಳತೆ ನನಗೆ ಬಹಳ ಇಷ್ಟದ ಕೆಲಸ. ಸೀಟಿನಲ್ಲಿ ವರ್ಕ್‌ಶಾಪಿನ ಇಬ್ಬರು ಹುಡುಗರನ್ನು ಕೂರಿಸಿ, ತೂಗುಗುಂಡು ಇಳಿಬಿಟ್ಟು ಚಕ್ರದ ವಾಲು ನೋಡಿದೆವು. ಗಾಡಿಯ ಉದ್ದಕ್ಕೂ ದಾರ ಕಟ್ಟಿ ನಾಲ್ಕೂ ಚಕ್ರದ ದಿಕ್ಕು ಅಳೆದೆವು. ಈ ಕಾರಿನಲ್ಲಿ ಮುಂದಿನ ವಾಲನ್ನು ಕೆಳ ವಿಶ್‌ಬೋನಿನ ಬ್ರಾಕೆಟ್ ಹಿಂದೆ, ಹಿಂದಿನ ದಿಕ್ಕನ್ನು ರೇಡಿಯಸ್ ಆರ್ಮ್ (ಹಿಂದಿನ ಚಕ್ರವನ್ನು ಮುಂದಿನಿಂದ ಹಿಡಿದಿರುವ ತೋಳು) ಬ್ರಾಕೆಟ್ ಹಿಂದೆ ಶಿಮ್, ಅಂದರೆ ತೆಳು ಬಿಲ್ಲೆ, ಇಟ್ಟು ಸರಿಮಾಡಬೇಕು. ಶಿಮ್‌ಗಳನ್ನು ಅಲ್ಲೇ ತಗಡಿನಿಂದ ಕತ್ತರಿಸಿದೆವು. ಹಿಂದಿನ ಚಕ್ರಗಳು ಈಗ ಮೇಲ್ಭಾಗ ಕೊಂಚ ಒಳಗೆ ವಾಲಿ ನಿಂತವು. ಕಾಕಾ ದೂರ ಹೋಗಿ ನಿಂತು ನೋಡಿ, "ಈಗ ಬರೋಬ್ಬರಿ ಕುಂತೈತಿ ನೋಡು" ಅಂದರು.

ಮೊದಲು ಉದ್ಯಮಬಾಗಿನ ಖಾಲಿ ರಸ್ತೆಗಳಲ್ಲಿ ನಿಧಾನಕ್ಕೆ ಓಡಿಸಿ, ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿ ನೋಡಿದೆವು. ಆಮೇಲೆ ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಾಂಬೋಟಿ ರಸ್ತೆ ಹಿಡಿದೆ. ಮಳೆಗಾಲ ಮುಗಿದಿತ್ತು, ರಸ್ತೆ ಒಣಗಿತ್ತು. ಮೊದಲು ಗಮನಕ್ಕೆ ಬಂದದ್ದು ಸ್ಟೀರಿಂಗ್. ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ, ನಡುವೆ ಸಡಿಲ ಇಲ್ಲ. ಬಾಡಿ ಒಂದಿಷ್ಟು ವಾಲುತ್ತದೆ, ಆದರೆ ವಾಲಿ ಅಲ್ಲೇ ನಿಲ್ಲುತ್ತದೆ. ಹಳೇ ಗಾಡಿ ತಿರುವಿನಲ್ಲಿ ಎದ್ದು ನಿಲ್ಲುತ್ತಿತ್ತು. ಇದು ಕೂತುಕೊಳ್ಳುತ್ತದೆ.

ಎದುರು ಬದುರು ಯಾರೂ ಇಲ್ಲದ, ದೂರದವರೆಗೆ ಕಾಣುವ ಒಂದು ತಿರುವಿನಲ್ಲಿ, ಮೊದಲು ನಿಧಾನದಲ್ಲಿ, ಆಮೇಲೆ ತುಸು ಜಾಸ್ತಿಯಲ್ಲಿ, ಬೇಕಂತಲೇ ಕಾಲು ತೆಗೆದೆ. ಮೂತಿ ಒಂಚೂರು ಒಳಗೆ ಬಂತು. ಹಿಂಭಾಗ ತನ್ನ ಜಾಗ ಬಿಡಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಮಾತೇ ಬರಲಿಲ್ಲ. ಕಾಕಾ ಬಾಗಿಲು ಹಿಡಿದಿದ್ದ ಕೈ ಬಿಟ್ಟು, "ಇನ್ನೊಮ್ಮೆ ಮಾಡು" ಅಂದರು.

ಹಾಗಂತ ಸ್ವಿಂಗ್ ಆಕ್ಸಲ್ಲಿನ ಸ್ವಭಾವವೇ ಹೋಗಿಬಿಟ್ಟಿಲ್ಲ. ಮಿತಿ ಮೀರಿದರೆ ಈ ಗಾಡಿಯೂ ಜಾರುತ್ತದೆ. ಆದರೆ ಆ ಮಿತಿ ಈಗ ದೂರ ಹೋಗಿದೆ. ನಮ್ಮ ರಸ್ತೆಯ ಉಬ್ಬುಗಳಿಗೆ ತಳ ತಾಗದಂತೆ ಜೋಪಾನವಾಗಿ ಓಡಿಸಬೇಕು, ಅಷ್ಟು ಎತ್ತರ ಕಳೆದುಕೊಂಡಿದ್ದೇನೆ. ಆ ಲೆಕ್ಕ ನನಗೆ ಒಪ್ಪಿಗೆ.

ಕಣಕುಂಬಿಯಲ್ಲಿ ಚಹಾ ಕುಡಿಯುವಾಗಲೇ ಮುಂದಿನ ಕೆಲಸದ ಮಾತು ಬಂತು. ಸ್ಟೀರಿಂಗ್ ರ್‍ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳು) ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಅದನ್ನು ತೆಗೆದು ಅಲ್ಯೂಮಿನಿಯಂ ಮೌಂಟ್ ಹಾಕಿದರೆ ಸ್ಟೀರಿಂಗ್ ಇನ್ನೂ ಚುರುಕಾಗುತ್ತದೆ ಅನ್ನುವುದು ನನ್ನ ವಾದ. ನಮ್ಮ ರಸ್ತೆಯ ಏಟೆಲ್ಲ ಆಗ ಕೈಗೇ ಬರುತ್ತದೆ, ರಬ್ಬರೇ ಇರಲಿ ಅನ್ನುವುದು ಕಾಕಾನದು. ಇನ್ನೂ ತೀರ್ಮಾನ ಆಗಿಲ್ಲ. ನಾನಂತೂ ಒಂದು ಜೊತೆ ಮೌಂಟ್ ಮಾಡಿ ಇಟ್ಟಿದ್ದೇನೆ.