ಓಡುವವನಿಗೆ ಚೆಂಡೆಸೆಯಬಾರದು

ಕಾರವಾರದ ಮಾಲಾದೇವಿ ಮೈದಾನದ ಅಂಚಿನಲ್ಲಿ ಲಗೋರಿ ಆಡಿ ಬೆಳೆದವರಿಗೆ ಬೇಸ್‌ಬಾಲಿನ ಹಳೆಯ ರೂಪ ತೀರ ಅಪರಿಚಿತವೆನಿಸಲಾರದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಊರುಗಳಲ್ಲಿ ಅದನ್ನು ಆಡುತ್ತಿದ್ದಾಗ, ಒಂದು ಬೇಸಿನಿಂದ, ಅಂದರೆ ಓಟಗಾರ ಮುಟ್ಟಬೇಕಾದ ನೆಲೆಯಿಂದ, ಇನ್ನೊಂದಕ್ಕೆ ಓಡುವವನ ಮೈಗೆ ಚೆಂಡು ಹೊಡೆದು ಅವನನ್ನು ಔಟ್ ಮಾಡುವ ಪದ್ಧತಿ ಇತ್ತು. ಹಾಗಾಗಿ ಚೆಂಡು ಮೆತ್ತಗಿರಬೇಕಿತ್ತು. ಮೆತ್ತನೆಯ ಚೆಂಡು, ಎಷ್ಟೇ ಬೀಸಿ ಹೊಡೆದರೂ, ಹೆಚ್ಚು ದೂರ ಹೋಗುವುದಿಲ್ಲ.

1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನವರು ಬರೆದಿಟ್ಟ ಇಪ್ಪತ್ತು ನಿಯಮಗಳಲ್ಲಿ ನನ್ನ ದೃಷ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಪದ್ಧತಿಯ ನಿಷೇಧ. ಓಡುವವನಿಗೆ ಚೆಂಡನ್ನು ಮುಟ್ಟಿಸಬೇಕು, ಇಲ್ಲವೇ ಅವನು ತಲುಪುವ ಮೊದಲೇ ಬೇಸಿನ ಮೇಲೆ ನಿಂತ ಎದುರಾಳಿಯ ಕೈಗೆ ಚೆಂಡು ಸೇರಿರಬೇಕು, ಅವನತ್ತ ಎಸೆಯುವಂತಿಲ್ಲ. ಇಷ್ಟಾದ ಮೇಲೆ ಗಟ್ಟಿ ಚೆಂಡಿಗೂ ದೊಡ್ಡ ಹೊಡೆತಕ್ಕೂ ಅಡ್ಡಿ ಉಳಿಯಲಿಲ್ಲ. ಮರುವರ್ಷದ ಜೂನ್ 19ರಂದು ಹೊಬೊಕನ್‌ನಲ್ಲಿ ನಡೆದ ಪಂದ್ಯದಲ್ಲಿ ನಿಯಮ ಬರೆದವರೇ 23-1ರಿಂದ ಸೋತರೆಂಬುದು ಬೇರೆ ಮಾತು. ಮೊದಲು 21 ಅಂಕ ಗಳಿಸಿದವರಿಗೆ ಗೆಲುವೆಂಬ ಕ್ರಮ ಹೋಗಿ ಒಂಬತ್ತು ಇನ್ನಿಂಗ್ಸ್ ಬಂದದ್ದು, ಬೇಸುಗಳ ನಡುವಿನ ಅಂತರ 90 ಅಡಿಯೆಂದು ನಿಗದಿಯಾದದ್ದು 1857ರಲ್ಲಿ.

ಹೀಗೆ ಹಲವರ ಕೈಯಲ್ಲಿ ತಿದ್ದಿಕೊಂಡು ಬಂದ ಆಟಕ್ಕೆ ಒಬ್ಬನೇ ಜನಕನನ್ನು ಹುಡುಕುವ ಹಟ ಮಾತ್ರ ವಿಚಿತ್ರವಾದದ್ದು. ಇಂಗ್ಲೆಂಡಿನಲ್ಲಿ ಹುಟ್ಟಿದ ಪತ್ರಕರ್ತ ಹೆನ್ರಿ ಚಾಡ್ವಿಕ್ ಇದು ಅಲ್ಲಿನ ರೌಂಡರ್ಸ್ ಆಟದಿಂದ ಬಂದದ್ದೆಂದರೆ, ಕ್ರೀಡಾಸಾಮಗ್ರಿಯ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಅದನ್ನು ಒಪ್ಪಲಿಲ್ಲ. ಅವನ ಒತ್ತಾಯದಿಂದ 1905ರಲ್ಲಿ ರಚನೆಯಾದ ಮಿಲ್ಸ್ ಆಯೋಗವು, 1839ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಆಬ್ನರ್ ಡಬಲ್‌ಡೇ ಈ ಆಟವನ್ನು ರೂಪಿಸಿದನೆಂದು ತೀರ್ಪಿತ್ತಿತು. ಆಧಾರ, ಆಬ್ನರ್ ಗ್ರೇವ್ಸ್ ಎಂಬ ವೃದ್ಧನ ಪತ್ರ. 1839ರಲ್ಲಿ ಅವನು ಐದು ವರ್ಷದ ಬಾಲಕ. ಡಬಲ್‌ಡೇ ಆಗ ಕೂಪರ್ಸ್‌ಟೌನ್‌ನಿಂದ ದೂರದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ವಿದ್ಯಾರ್ಥಿ. ಇತ್ತ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನವರು ಸಭಾಭವನದ ಕಿಟಕಿಗಳನ್ನು ಉಳಿಸಿಕೊಳ್ಳಲು 1791ರಷ್ಟು ಹಿಂದೆಯೇ ಅದರ ಸಮೀಪ ಬೇಸ್‌ಬಾಲ್ ಆಡುವುದನ್ನು ನಿಷೇಧಿಸಿದ್ದರು!

ಆದರೂ ಬೇಸ್‌ಬಾಲಿನ ಗಣ್ಯರನ್ನು ಗೌರವಿಸುವ ಹಾಲ್ ಆಫ್ ಫೇಮ್ 1939ರಲ್ಲಿ ತೆರೆದದ್ದು ಕೂಪರ್ಸ್‌ಟೌನ್‌ನಲ್ಲಿಯೇ. ಅಲ್ಲಿ ಚಾಡ್ವಿಕ್ ಮತ್ತು ಸ್ಪಾಲ್ಡಿಂಗ್ ಇಬ್ಬರಿಗೂ ಸ್ಥಾನವುಂಟು. ಡಬಲ್‌ಡೇಗೆ ಮಾತ್ರ ಇಲ್ಲ.