ಸ್ಕೂಲ್ ಡೇ ಮತ್ತು ಅಡಿಕೆ ಸುಗ್ಗಿ

14 ಡಿಸೆಂಬರ್ 2024, ಶನಿವಾರ
ಸಾಗರ ತಾಲ್ಲೂಕು

ನಮ್ಮೂರ ಶಾಲೆಯ ವಾರ್ಷಿಕೋತ್ಸವಕ್ಕೆ ದಿನ ಗೊತ್ತುಮಾಡಬೇಕಾದರೆ ಮೊದಲು ಅಡಿಕೆಯನ್ನು ಕೇಳಬೇಕು. ಈಗ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಜೋರಾಗಿದೆ. ಹಗಲೆಲ್ಲ ತೋಟ, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಕೆಲಸ. ಇಂಥ ಹೊತ್ತಲ್ಲಿ ಮಕ್ಕಳ ಡ್ಯಾನ್ಸ್ ನೋಡೋಕೆ ಯಾರು ಬರ್ತಾರೆ? ಮಳೆಗಾಲದ ಮಾತಂತೂ ಬೇಡವೇ ಬೇಡ. ಮಾರ್ಚ್ ಬಂದರೆ ಪರೀಕ್ಷೆ. ಉಳಿಯೋದು ಜನವರಿ ಕೊನೆ, ಫೆಬ್ರವರಿ ಮೊದಲು. ಬಯಲುಸೀಮೆಯಿಂದ ವರ್ಗವಾಗಿ ಬಂದ ಮೇಡಂಗೆ ಇದು ಹೊಸದು. "ರಾಜ್ಯೋತ್ಸವದ ಜೊತೆಗೇ ಮುಗಿಸಬಹುದಿತ್ತಲ್ಲ ಸರ್" ಅಂತ ಇವತ್ತಿನ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿದರು. ಪಾಪ, ಎಲ್ಲರೂ ನಕ್ಕುಬಿಟ್ಟರು.

ಆಮೇಲೆ ನಮ್ಮ ನಿವೃತ್ತ ಮೇಷ್ಟ್ರು ಹಳೇ ಕಥೆ ತೆಗೆದರು. ಅವರು ಇದೇ ಶಾಲೆಯಲ್ಲಿ ಓದಿ, ಇಲ್ಲೇ ಪಾಠ ಮಾಡಿದವರು. ಅವರು ಹುಡುಗರಾಗಿದ್ದಾಗ ಒಂದು ಯಕ್ಷಗಾನ ಮೇಳ ಶಾಲೆಯ ಬಯಲಲ್ಲಿ ಆಟ ಆಡಿತಂತೆ. ಮಾರನೇ ದಿನ ಚಪ್ಪರ ಬಿಚ್ಚೋಕೆ ಬಂದವರಿಗೆ ಆಗಿನ ಹೆಡ್ ಮೇಷ್ಟ್ರು, "ಇನ್ನೊಂದು ರಾತ್ರಿ ಇರ್ಲಿ ಮಾರಾಯ್ರೇ, ನಮ್ಮ ಹುಡುಗ್ರೂ ಏನಾದ್ರೂ ಮಾಡ್ತಾರೆ" ಅಂದರಂತೆ. ಅಷ್ಟೇ. ಯಾವ ಸುತ್ತೋಲೆಯೂ ಬಂದಿರಲಿಲ್ಲ.

ಅಡಿಕೆ ದಬ್ಬೆಯ ಅಟ್ಟ, ಮೇಲೆ ಸೋಗೆ, ಪರದೆಗೆ ಯಾರದೋ ಮನೆಯ ಜಮಖಾನ. ಬಣ್ಣ ಅಂದರೆ ಕುಂಕುಮ ಮತ್ತು ಇದ್ದಿಲು. ಬೆಳಕಿಗೆ ಗ್ಯಾಸ್‌ಲೈಟು. ಅದು ಮಂಕಾದಾಗಲೆಲ್ಲ ಒಬ್ಬರು ರಂಗಸ್ಥಳಕ್ಕೇ ಹತ್ತಿ ಪಂಪ್ ಹೊಡೀತಿದ್ದರು. ಅಲ್ಲಿವರೆಗೂ ರಾಜ ಕತ್ತಿ ಎತ್ತಿದವನು ಎತ್ತಿಕೊಂಡೇ ನಿಂತಿರಬೇಕು! ಬೆಳಕು ಬಂತು, ಮಾತು ಮುಂದುವರಿಯಿತು. ಜನಕ್ಕೆ ಅದೇನೂ ವಿಚಿತ್ರ ಅನ್ನಿಸಲಿಲ್ಲವಂತೆ. ಆಟ ನೋಡಿ ಬೆಳೆದವರಿಗೆ ಕಾಯೋದು ಗೊತ್ತಿತ್ತು.

ನಾಟಕದ ಗಾಳಿ ಹೆಗ್ಗೋಡಿನ ಕಡೆಯಿಂದ ಬಂತು. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಅಲ್ಲಿ ನೀನಾಸಂ ಅನ್ನೋ ನಾಟಕ ಸಂಘ ಕಟ್ಟಿದ್ದು 1949ರಲ್ಲಿ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ಹೋಗಿ ನಾಟಕ ಆಡುವ ತಿರುಗಾಟ ಶುರುವಾಯಿತು. ಅದರ ನಾಟಕ ನೋಡಿಬಂದ ನಮ್ಮ ಕಡೆಯ ಮೇಷ್ಟ್ರುಗಳು ಸುಮ್ನೆ ಕೂರಲಿಲ್ಲ. ನಮ್ಮ ಶಾಲೆಯಲ್ಲಿ 'ಕಿಂದರಿಜೋಗಿ' ಆಡಿಸಿದರು. ಇಂಗ್ಲಿಷ್ ಕವಿ ಬ್ರೌನಿಂಗ್ ಬರೆದ ಜರ್ಮನಿಯ ಕಥೆಯನ್ನು ಕುವೆಂಪು ನಮ್ಮ ತುಂಗೆಯ ದಂಡೆಗೇ ತಂದು ಇಟ್ಟಿದ್ದಾರಲ್ಲ, ಮಕ್ಕಳಿಗೆ ಅದು ಪಕ್ಕದೂರಿನ ಸುದ್ದಿ ಇದ್ದಹಾಗೆ.

ಅದರ ದೊಡ್ಡ ಲಾಭ ಏನು ಗೊತ್ತಾ? ಇಲಿಗಳು. ಎಷ್ಟು ಮಕ್ಕಳಿದ್ದರೂ ಎಲ್ಲರಿಗೂ ಪಾತ್ರ ಸಿಗುತ್ತದೆ. ಮಾತು ಬಾರದವನೂ ಇಲಿ, ನಾಚಿಕೆಯವಳೂ ಇಲಿ. ನಾನೂ ಇಲಿಯಾಗಿದ್ದೆ. ಗೋಣಿಚೀಲಕ್ಕೆ ಮೂರು ತೂತು, ಬಾಳೆನಾರಿನ ಬಾಲ. ಹಿಂದಿನವನು ಬಾಲ ತುಳಿದು, ಹೊಳೆಗೆ ಹಾರುವ ಮೊದಲೇ ನಾನು ಬೋಳು ಇಲಿ.

ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಬಂದ ಮೇಲೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಮೆಟ್ಟಿಲಾಯಿತು. ಒಳ್ಳೇದೇ. ಆದರೆ ಅಲ್ಲಿಗೆ ಚೆನ್ನಾಗಿ ಹಾಡುವವಳೊಬ್ಬಳನ್ನೇ ಕಳಿಸೋದು, ಉಳಿದವರು ಚಪ್ಪಾಳೆ ತಟ್ಟೋದು. ಸ್ಕೂಲ್ ಡೇ ಹಾಗಲ್ಲ, ಅಲ್ವಾ? ಈಗೀಗ ಸಿನಿಮಾ ಹಾಡಿನ ಡ್ಯಾನ್ಸೇ ಜಾಸ್ತಿ, ಅದರಲ್ಲೂ ಮುಂದಿನ ಸಾಲು ಯಾವಾಗಲೂ ಅದೇ ನಾಲ್ಕು ಮಕ್ಕಳದ್ದು. ನನಗೆ ಅದೇ ಕಿರಿಕಿರಿ. ಹಾಡಿನ ಬಗ್ಗೆ ತಕರಾರಿಲ್ಲ.

ಈ ಸಲ ಮತ್ತೆ ಕಿಂದರಿಜೋಗಿ ಅಂತ ಆಯಿತು. ಜೋಗಿಯ ಪಾತ್ರಕ್ಕೆ ಆಗಲೇ ಮೂವರು ಕೈ ಎತ್ತಿದ್ದಾರೆ. ಕಷ್ಟ ಇರೋದು ಇಲಿಗಳಿಗೆ. ಶಾಲೆಯಲ್ಲಿ ಮಕ್ಕಳೇ ಕಡಿಮೆಯಾಗಿದ್ದಾರೆ. ಅಂಗನವಾಡಿಯವರನ್ನೂ ಸೇರಿಸಿಕೊಳ್ಳಬೇಕು, ಸೋಮವಾರ ಕೇಳಿ ನೋಡ್ತೀನಿ.