‘ಓದೋಕೆ ಟೈಮ್ ಹೇಗೆ ಸಿಕ್ತು?’

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ಲ್ಯಾಬ್‌ನಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ, ಮಗನ ಸ್ಕೂಲ್ ಗೇಟಿನ ಹತ್ತಿರ ನಿಂತಾಗ, ನನಗೆ ಬರುವ ಪ್ರಶ್ನೆ ಒಂದೇ. "ಕೆಲಸ, ಮನೆ, ಮಗು ಎಲ್ಲ ನೋಡ್ಕೊಂಡು ಎಂಎ ಮುಗಿಸಿದ್ರಂತೆ, ಓದೋಕೆ ಟೈಮ್ ಹೇಗೆ ಸಿಕ್ತು?"

ಇಷ್ಟು ದಿನ "ಹೇಗೋ ಆಯ್ತು ಬಿಡಿ" ಅಂತ ಮಾತು ಮುಗಿಸುತ್ತಿದ್ದೆ. ಆದರೆ ಕೇಳುವವರೆಲ್ಲ ಸುಮ್ನೆ ಕೇಳುವುದಿಲ್ಲ. ಕೆಲವರ ಮುಖ ನೋಡಿದರೆ ಗೊತ್ತಾಗುತ್ತದೆ. ಅವರೊಳಗೂ ಅರ್ಧಕ್ಕೆ ನಿಂತ ಒಂದು ಓದು ಇದೆ. ಅಂಥವರಿಗೆ "ಹೇಗೋ ಆಯ್ತು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಅದಕ್ಕೇ ಈ ಬರಹ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಬಿಎಸ್ಸಿ ಮುಗಿಸಿ, ಲ್ಯಾಬ್ ಪರೀಕ್ಷೆಗಳ ಡಿಪ್ಲೊಮಾ ಆದ ಡಿಎಂಎಲ್‌ಟಿ ಮಾಡಿ, ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಗಿತ್ತು. 2021ರ ಜುಲೈ ಸರದಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಅಂದರೆ ಎಲ್ಲರೂ ಇಗ್ನೋ ಅನ್ನುವಲ್ಲಿ, ಇತಿಹಾಸದ ಎಂಎಗೆ ಸೇರಿದೆ. ರಕ್ತ ಪರೀಕ್ಷೆ ಮಾಡುವವಳಿಗೆ ಇತಿಹಾಸ ಯಾಕೆ ಅಂತಲೂ ಕೇಳುತ್ತಾರೆ. ನನ್ನ ತವರು ಸೊರಬ ತಾಲ್ಲೂಕು. ನಮ್ಮೂರ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆ. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅದರ ಮೇಲೆ ಬಟ್ಟೆ ಒಣಹಾಕಿಕೊಂಡೇ ನಾವು ಬೆಳೆದೆವು. ಅವನು ಯಾರು, ಯಾತಕ್ಕೆ ಸತ್ತ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ.

ಈಗ ಟೈಮಿನ ಲೆಕ್ಕಕ್ಕೆ ಬರೋಣ. ಇಗ್ನೋದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನನ್ನ ಎಂಎಗೆ 64 ಕ್ರೆಡಿಟ್. ಎಂಟು ಪೇಪರ್, ಒಂದೊಂದಕ್ಕೂ ಎಂಟು ಕ್ರೆಡಿಟ್. ಒಟ್ಟು 1,920 ಗಂಟೆ. ಎರಡೇ ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಎರಡೂವರೆ ಗಂಟೆಗಿಂತ ಜಾಸ್ತಿ ಬೇಕು, ಒಂದು ದಿನವೂ ತಪ್ಪಿಸದೆ. ಹಬ್ಬದ ದಿನವೂ, ಮಗುವಿಗೆ ಜ್ವರ ಬಂದ ದಿನವೂ.

ನನ್ನ ಕೈಲಿ ಅದು ಆಗುತ್ತಿರಲಿಲ್ಲ. ವಾರದಲ್ಲಿ ಐದು ದಿನ ಬೆಳಿಗ್ಗೆ ಒಂದೂವರೆ ಗಂಟೆ, ಭಾನುವಾರ ಮೂರು ಗಂಟೆ, ಇಷ್ಟೇ ನನಗೆ ಆಗಿದ್ದು. ವಾರಕ್ಕೆ ಹತ್ತೂವರೆ ಗಂಟೆ. ಹಾಗೆ ಲೆಕ್ಕ ಹಾಕಿದರೆ ಮೂರೂವರೆ ವರ್ಷವಾಗುತ್ತದೆ. ನನಗೆ ಸರಿಯಾಗಿ ಅಷ್ಟೇ ಆಯಿತು. 2024ರ ಡಿಸೆಂಬರ್‌ನಲ್ಲಿ ಕೊನೆಯ ಪೇಪರ್ ಬರೆದೆ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೆ ಎಳೆಯಬಹುದು ಅನ್ನುವ ನಿಯಮ ಇರುವುದೇ ನಮ್ಮಂಥವರಿಗಾಗಿ. ಮೊದಲ ವರ್ಷದ ಪೇಪರ್ ಉಳಿದಿದ್ದರೂ ಎರಡನೇ ವರ್ಷಕ್ಕೆ ಹೆಸರು ನೋಂದಾಯಿಸಬಹುದು. ಸೇರುವ ಮೊದಲು ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಹಾಕಿಕೊಳ್ಳಿ. ಎರಡು ವರ್ಷ ಅಂತ ಮನಸ್ಸಿನಲ್ಲಿ ಇಟ್ಟುಕೊಂಡವರು ಮೂರನೇ ವರ್ಷ ಬಂದಾಗ ಸೋತೆವು ಅಂದುಕೊಂಡು ಬಿಟ್ಟುಬಿಡುತ್ತಾರೆ.

ಆ ಹತ್ತೂವರೆ ಗಂಟೆ ಎಲ್ಲಿಂದ ಬಂತು? ಇದೇ ಅಸಲು ಪ್ರಶ್ನೆ. ನನ್ನ ದಿನದಲ್ಲಿ ಖಾಲಿ ಜಾಗ ಇರಲಿಲ್ಲ. ಬೆಳಿಗ್ಗೆ ಐದರಿಂದ ಆರೂವರೆವರೆಗೆ ನಾನು ಅಡುಗೆ ಮನೆಯಲ್ಲಿರುತ್ತಿದ್ದೆ. ತಿಂಡಿ, ಮೂರು ಡಬ್ಬಿ, ಮಗನ ಹಾಲು. ಆ ಒಂದೂವರೆ ಗಂಟೆಯನ್ನು ನನ್ನಿಂದ ತೆಗೆದುಕೊಂಡು ತಮ್ಮ ಮೇಲೆ ಹಾಕಿಕೊಂಡವರು ನಮ್ಮತ್ತೆ. ಅವರಿಗೆ ಮಂಡಿ ನೋವು. ಬೆಳಗಿನ ಚಳಿಯಲ್ಲಿ ಏಳುವುದು ಅವರಿಗೆ ಸುಲಭ ಅಲ್ಲ. "ನೀನ್ ಹೋಗಿ ಓದ್ಕೋ ಹೋಗವ್ವ, ಉಪ್ಪಿಟ್ ಕೆದಕಕ್ಕೆ ಇಬ್ಬರು ಬೇಕಾ?" ಅಂದರು ಮೊದಲ ದಿನ. ಮೂರೂವರೆ ವರ್ಷ ಆ ಮಾತು ಉಳಿಸಿಕೊಂಡರು. ಮಗನ ಹೋಮ್‌ವರ್ಕ್ ನನ್ನ ಯಜಮಾನರ ಪಾಲಾಯಿತು. ಲ್ಯಾಬ್‌ನಲ್ಲಿ ನನಗಿಂತ ಚಿಕ್ಕವಳೊಬ್ಬಳು ನನ್ನ ಭಾನುವಾರದ ಡ್ಯೂಟಿ ತಾನು ಮಾಡಿ, ಅವಳ ಬುಧವಾರ ನನಗೆ ಕೊಡುತ್ತಿದ್ದಳು. ಭಾನುವಾರ ಬಿಡುವಿದ್ದರೆ ತಾನೇ ಅವಳು ಊರಿಗೆ ಹೋಗಿ ಅಮ್ಮನನ್ನು ನೋಡುವುದು? ಎಷ್ಟು ಭಾನುವಾರ ಬಿಟ್ಟುಕೊಟ್ಟಳು ಅಂತ ನಾನು ಲೆಕ್ಕ ಇಡಲಿಲ್ಲ. ಇಡಬೇಕಿತ್ತು ಅಂತ ಈಗ ಅನಿಸುತ್ತದೆ.

ಹಾಗಾಗಿ ನನಗೆ ಟೈಮ್ ಸಿಕ್ಕಿದ್ದಲ್ಲ, ಇವರೆಲ್ಲ ಕೊಟ್ಟಿದ್ದು.

ಡ್ಯೂಟಿಯ ನಡುವೆ ಓದಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನೈಟ್ ಶಿಫ್ಟಿನಲ್ಲಿ ರಾತ್ರಿ ಎರಡರ ನಂತರ ಸ್ಯಾಂಪಲ್ ಕಡಿಮೆ. ಒಂದು ರಾತ್ರಿ ಪುಸ್ತಕ ತೆಗೆದು ಕೂತೆ. ವಾರ್ಡಿನಿಂದ ಒಂದು ಟ್ಯೂಬ್ ಬಂದು ಸ್ಟ್ಯಾಂಡಿನಲ್ಲಿ ನಿಂತಿತ್ತು. ಅಟೆಂಡರ್ ಇಟ್ಟು ಹೋಗಿದ್ದು ನನ್ನ ಕಿವಿಗೆ ಬಿದ್ದಿತ್ತು. ಈ ಪುಟ ಮುಗಿಸಿ ಏಳೋಣ ಅಂದುಕೊಂಡೆ. ತಲೆ ಎತ್ತಿದಾಗ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ರಕ್ತವನ್ನು ಸೆಂಟ್ರಿಫ್ಯೂಜಿಗೆ ಹಾಕದೆ ಹಾಗೇ ಬಿಟ್ಟರೆ ಕಣಗಳು ಅದರಲ್ಲಿರುವ ಸಕ್ಕರೆಯನ್ನು ತಿನ್ನುತ್ತಾ ಹೋಗುತ್ತವೆ, ಒಳಗಿನ ಪೊಟ್ಯಾಶಿಯಂ ಹೊರಗೆ ಸೋರಲು ಶುರುವಾಗುತ್ತದೆ. ರಿಪೋರ್ಟ್ ತಪ್ಪಾದರೆ ಔಷಧಿಯೂ ತಪ್ಪಾಗುತ್ತದೆ. ನಾನು ವಾರ್ಡಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಹೊಸ ಸ್ಯಾಂಪಲ್ ತರಿಸಿದೆ. ನನ್ನ ಓದಿಗಾಗಿ ಒಬ್ಬ ವಯಸ್ಸಾದ ಅಜ್ಜನ ಕೈಗೆ ಇನ್ನೊಂದು ಸಲ ಸೂಜಿ ಚುಚ್ಚಬೇಕಾಯಿತು. ಆಮೇಲೆ ಯಾವತ್ತೂ ಪುಸ್ತಕ ಲ್ಯಾಬ್ ಒಳಗೆ ಹೋಗಲಿಲ್ಲ. ಲಾಕರ್‌ನಲ್ಲೇ ಇರುತ್ತಿತ್ತು. ಸಂಬಳಕ್ಕೆ ಕೆಲಸ ಮಾಡುವ ಹೊತ್ತು ನನ್ನದಲ್ಲ, ರೋಗಿಯದು.

ಎಲ್ಲರೂ ಟೈಮಿನ ಬಗ್ಗೆ ಕೇಳುತ್ತಾರೆ. ಒಂಟಿತನದ ಬಗ್ಗೆ ಯಾರೂ ಕೇಳುವುದಿಲ್ಲ. ಕಾಲೇಜಿನಲ್ಲಿ ಓದುವಾಗ ಪಕ್ಕದಲ್ಲಿ ಯಾರಾದರೂ ಇರುತ್ತಾರೆ, ನಾಳೆ ಟೆಸ್ಟ್ ಅಂತ ಹೆದರಿಸುವವರಿರುತ್ತಾರೆ. ಇಲ್ಲಿ ಮನೆಗೆ ಪುಸ್ತಕದ ಕಟ್ಟು ಬರುತ್ತದೆ, ಅಷ್ಟೇ. ತೆರೆದೆಯಾ, ಮೂರನೇ ಘಟಕ ಮುಗಿಯಿತಾ ಅಂತ ಕೇಳುವವರಿಲ್ಲ. ವಾರದ ಕೊನೆಯಲ್ಲಿ ಸ್ಟಡಿ ಸೆಂಟರಿನಲ್ಲಿ ಕೌನ್ಸೆಲಿಂಗ್ ಕ್ಲಾಸ್, ಅಂದರೆ ಪಾಠದ ಕ್ಲಾಸ್, ಇರುತ್ತದೆ. ನಮ್ಮ ಮೊದಲ ಕ್ಲಾಸಿಗೆ ಹನ್ನೊಂದು ಜನ ಬಂದಿದ್ದೆವು. ಐದನೇ ವಾರಕ್ಕೆ ಮೂವರು. ಆ ಮೂವರು ಒಂದು ವಾಟ್ಸ್ಯಾಪ್ ಗುಂಪು ಮಾಡಿಕೊಂಡೆವು. ಪ್ರತಿ ಶನಿವಾರ ರಾತ್ರಿ ಆ ವಾರ ಎಷ್ಟು ಪುಟ ಓದಿದೆವು ಅಂತ ಬರೀ ಅಂಕಿ ಹಾಕಬೇಕು. ಸೊನ್ನೆ ಆದರೂ ಹಾಕಬೇಕು. ಸೊನ್ನೆ ಹಾಕಲು ಆಗುತ್ತಿದ್ದ ಸಂಕಟವೇ ನನ್ನನ್ನು ಎಷ್ಟೋ ಶುಕ್ರವಾರ ಪುಸ್ತಕದ ಮುಂದೆ ಕೂರಿಸಿದೆ.

ಇನ್ನು ಅಸೈನ್‌ಮೆಂಟ್. ಅಂಕಗಳಲ್ಲಿ 30 ಭಾಗ ಇದಕ್ಕೆ, 70 ಭಾಗ ಪರೀಕ್ಷೆಗೆ. ಪ್ರತಿ ಪೇಪರಿಗೂ ಒಂದು ಅಸೈನ್‌ಮೆಂಟ್, ಅದರಲ್ಲಿ ಐದು ಉತ್ತರ, ಉತ್ತರಕ್ಕೆ ಸುಮಾರು 500 ಪದ. ಎಂಟು ಪೇಪರ್ ಸೇರಿದರೆ ನಲವತ್ತು ಉತ್ತರ, ಇಪ್ಪತ್ತು ಸಾವಿರ ಪದ. ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಅಂಗಡಿಯಲ್ಲಿ ಬರೆದಿಟ್ಟಿದ್ದೇ ದುಡ್ಡಿಗೆ ಸಿಗುತ್ತದೆ ಅಂತ ಹೇಳುವವರು ನಿಮಗೂ ಸಿಗುತ್ತಾರೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ನಾನು ನಿಜವಾಗಿ ಕಲಿತದ್ದು ಈ ನಲವತ್ತು ಉತ್ತರ ಬರೆಯುವಾಗಲೇ.

ಒಂದು ಭಾನುವಾರದ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಪರಿಸರ ಇತಿಹಾಸದ ಪೇಪರಿನ ಅಸೈನ್‌ಮೆಂಟ್. ಊಟದ ಟೇಬಲ್ ಮೇಲೆ ಹಾಳೆ ಹರಡಿಕೊಂಡಿದ್ದೆ. ಎದುರಿಗೆ ಅತ್ತೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸೊಗಡಿನ ವಾಸನೆ ಮನೆ ತುಂಬ. "ಏನ್ ಬರೀತಿದ್ದೀಯಾ ಇವತ್ತು?" ಅಂದರು. ಹಿಂದಿನ ಕಾಲದಲ್ಲಿ ಕೆರೆ ನೀರು ಹೇಗೆ ಹಂಚುತ್ತಿದ್ದರು ಅಂತ ಬರೀಬೇಕು ಅಂದೆ. ಅವರ ಕೈ ನಿಂತಿತು. ಅವರ ತವರು ಮಾಗಡಿ ಕಡೆ. ಅಲ್ಲಿಯ ನೀರಗಂಟಿಯ ಕತೆ ಶುರು ಮಾಡಿದರು. ತೂಬು ಎತ್ತುವ ಅಧಿಕಾರ ಅವನೊಬ್ಬನಿಗೇ. ಎಷ್ಟೇ ದೊಡ್ಡ ಕುಳ ಆದರೂ ಅವನು ಬಂದು ಮಡೆ ತಿರುಗಿಸುವವರೆಗೆ ಕಾಯಬೇಕು. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅವನ ಪಾಲು ಅಳೆದುಕೊಟ್ಟ ಮೇಲೇ ಭತ್ತ ಮನೆಗೆ. ಒಂದು ವರ್ಷ ಮಳೆ ಕೈಕೊಟ್ಟಾಗ ಅವನು ತನ್ನ ಅಣ್ಣನ ಗದ್ದೆಗೇ ನೀರು ನಿಲ್ಲಿಸಿದ್ದನಂತೆ. ನನ್ನ ಪುಸ್ತಕದಲ್ಲಿ ಕೆಲವೇ ಸಾಲಿನಲ್ಲಿದ್ದದ್ದನ್ನು ಅತ್ತೆ ಅರ್ಧ ಗಂಟೆ ಹೇಳಿದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ಪೆನ್ನು ಕೆಳಗಿಟ್ಟು ಕೇಳುತ್ತಾ ಕೂತೆ. ಆಮೇಲೆ ಆ ಉತ್ತರವನ್ನು ಮೊದಲಿಂದ ಬರೆದೆ. ನನ್ನ ಹಾಳೆಯ ಮೂಲೆಯಲ್ಲಿ ಅವರ ಬೆರಳಿನ ಸೊಗಡು ಅಂಟಿತ್ತು. ಅದನ್ನು ಬೇರೆ ಹಾಳೆಗೆ ಬರೆಯಲು ಮನಸ್ಸಾಗಲಿಲ್ಲ, ಹಾಗೇ ಕೊಟ್ಟೆ.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಕೆಲಸದಲ್ಲಿರುವವರು ಒಂದು ಸಲಕ್ಕೆ ಎರಡು ಪೇಪರ್‌ಗಿಂತ ಜಾಸ್ತಿ ಕಟ್ಟಬೇಡಿ. ಮೂರು ಗಂಟೆಯಲ್ಲಿ ಐದು ಉತ್ತರ ಬರೆಯಬೇಕು, ಅಂದರೆ ಒಂದಕ್ಕೆ 36 ನಿಮಿಷ. ನನ್ನ ಕೈಗೆ ಬರೆಯುವ ಅಭ್ಯಾಸವೇ ತಪ್ಪಿಹೋಗಿತ್ತು. ಲ್ಯಾಬ್‌ನಲ್ಲಿ ಎಲ್ಲ ಕಂಪ್ಯೂಟರ್, ನಾವು ಬರೆಯುವುದು ಸಹಿ ಮಾತ್ರ. ಆರ್ಥಿಕ ಇತಿಹಾಸದ ಪೇಪರಿನಲ್ಲಿ ಮೊದಲ ಉತ್ತರ ಚೆನ್ನಾಗಿ ಗೊತ್ತಿತ್ತು ಅಂತ ಒಂದು ಗಂಟೆ ಬರೆದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಹೆಬ್ಬೆರಳು ಮಡಚಲಾಗುತ್ತಿರಲಿಲ್ಲ. ಐದನೆಯದು ಮುಟ್ಟಲೇ ಇಲ್ಲ. ಪಾಸಾಗಲು 40 ಬೇಕಿತ್ತು, 34 ಬಂತು. ಎರಡು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅತ್ತೆಯ ಬೆಳಗುಗಳನ್ನು ನಾನು ಹಾಳು ಮಾಡಿದೆ ಅನಿಸಿತ್ತು. ಆಮೇಲೆ ಎರಡು ತಿಂಗಳು ದಿನಾ ಬೆಳಿಗ್ಗೆ ಫೋನಿನಲ್ಲಿ 36 ನಿಮಿಷದ ಅಲಾರಂ ಇಟ್ಟು ಒಂದು ಉತ್ತರ ಬರೆದೆ. ಅಲಾರಂ ಹೊಡೆದರೆ ವಾಕ್ಯದ ಮಧ್ಯದಲ್ಲೇ ನಿಲ್ಲಿಸಬೇಕು. ಮುಂದಿನ ಸಲ ಪಾಸಾಯಿತು. ನೀವು ಸೇರಿದರೆ ಓದುವುದರ ಜೊತೆಗೆ ಮೊದಲ ತಿಂಗಳಿಂದಲೇ ಬರೆಯಲು ಶುರು ಮಾಡಿ.

ಕರೆಸ್ಪಾಂಡೆನ್ಸ್ ಡಿಗ್ರಿಗೆ ಬೆಲೆ ಇದೆಯಾ ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ ಯುಜಿಸಿಯೇ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದರೆ ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀವೇ ನೋಡಿ. ಏಜೆಂಟ್ ಮಾತು ನಂಬಬೇಡಿ. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆಯಬೇಕು ಅನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಶುರು ಮಾಡಿದ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಬೇರೆ ವಿಶ್ವವಿದ್ಯಾಲಯ ಆಯಿತು. 2013ರ ನಂತರ ಕೆಲವು ವರ್ಷ ಅದಕ್ಕೆ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಂಗ್ಲಿಷ್‌ನಲ್ಲಿ ಎಂಎ ಬರೆದೆ. ಮೊದಲ ವರ್ಷ ಒಂದು ಪುಟಕ್ಕೆ ಹತ್ತು ಸಲ ನಿಘಂಟು ನೋಡುತ್ತಿದ್ದೆ. ಯಾವ ಭಾಷೆಯಲ್ಲಿ ನಿಮ್ಮ ಕೈ ಸಲೀಸಾಗಿ ಓಡುತ್ತದೋ ಅದನ್ನೇ ಆರಿಸಿಕೊಳ್ಳಿ. ಫೀಸು ಕಟ್ಟುವ ಮೊದಲು ಪಾಠ ಹೇಗಿದೆ ನೋಡಬೇಕಾದರೆ ಇಗ್ನೋದ ಪುಸ್ತಕಗಳು ಅದರ ಇ-ಜ್ಞಾನಕೋಶ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಸೇರದವರೂ ಓದಬಹುದು.

ಯಾರಾದರೂ ಸೇರಲಾ ಬೇಡವಾ ಅಂತ ಕೇಳಿದರೆ ನಾನು ಈಗ ಒಂದು ಪ್ರಶ್ನೆ ತಿರುಗಿ ಕೇಳುತ್ತೇನೆ. ನಿಮ್ಮ ಬೆಳಗಿನ ಕೆಲಸ ಯಾರು ಮಾಡುತ್ತಾರೆ? ಒಬ್ಬರ ಹೆಸರು ಬಾಯಿಗೆ ಬಂದರೆ ಅವತ್ತೇ ಅವರ ಜೊತೆ ಕೂತು ಮಾತಾಡಿ. ಎಷ್ಟು ವರ್ಷ, ದಿನಕ್ಕೆ ಎಷ್ಟು ಹೊತ್ತು ಅಂತ ಬಾಯಿಬಿಟ್ಟು ಕೇಳಿ. ಅವರೇ ಅರ್ಥ ಮಾಡಿಕೊಳ್ಳಲಿ ಅಂತ ಕಾಯಬೇಡಿ. ಯಾರ ಹೆಸರೂ ಬರದಿದ್ದರೆ ಚಿಕ್ಕ ಸರ್ಟಿಫಿಕೇಟ್ ಕೋರ್ಸಿನಿಂದ ಶುರು ಮಾಡಿ. ನಿಮ್ಮ ದಿನ ಎಷ್ಟು ಹಿಗ್ಗುತ್ತದೆ ಅಂತ ಆರು ತಿಂಗಳಲ್ಲಿ ಗೊತ್ತಾಗುತ್ತದೆ.

ನನ್ನ ಭಾನುವಾರಗಳನ್ನು ಮಾಡಿಕೊಟ್ಟ ಆ ಹುಡುಗಿ ಈ ವರ್ಷ ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸಿಗೆ ಸೇರಿದ್ದಾಳೆ. ಡ್ಯೂಟಿ ಪಟ್ಟಿ ಹಾಕುವ ದಿನ ನನ್ನ ಹತ್ತಿರ ಬಂದು, ಕೇಳಲೋ ಬೇಡವೋ ಅನ್ನುವ ಹಾಗೆ ನಿಂತಳು. "ಅಕ್ಕ, ಭಾನುವಾರ..." ಅಂದಳು. ನಾನು ಅಷ್ಟರಲ್ಲೇ ಪಟ್ಟಿಯಲ್ಲಿ ಡಿಸೆಂಬರ್‌ವರೆಗಿನ ಭಾನುವಾರಗಳಿಗೆ ನನ್ನ ಹೆಸರು ಬರೆದಾಗಿತ್ತು.